ಏಡನ್ನಿನಿಂದ ಬಂದ ಪೆಟ್ಟಿಗೆ: ಚಿನ್ನ ನಿಜ, ನಾಣ್ಯ ನಕಲಿ

ಕರಾವಳಿಯ ಒಂದು ಮನೆಯಲ್ಲಿ ಆಸ್ತಿ ಪಾಲಾಗುವಾಗ ಹಳೆಯ ವಿದೇಶಿ ನಾಣ್ಯಗಳ ಪೆಟ್ಟಿಗೆಯೊಂದು ಹೊರಬಂತು. ಅದರಲ್ಲಿದ್ದ ಆರು ಬ್ರಿಟಿಷ್ ಚಿನ್ನದ ಪವನುಗಳಲ್ಲಿ (ಸಾವರಿನ್ ನಾಣ್ಯಗಳಲ್ಲಿ) ಎರಡು ನಕಲಿ. ಆದರೆ ಆ ಎರಡೂ ನಿಜವಾದ 22 ಕ್ಯಾರೆಟ್ ಚಿನ್ನ. ಆಚಾರ್ರ ಒರೆಗಲ್ಲು, ಅಂಗಡಿಯ ಕ್ಯಾರೆಟ್ ಮೀಟರ್, ತಕ್ಕಡಿ ಮೂರೂ ಅವನ್ನು ಸರಿ ಎಂದೇ ಹೇಳಿದ್ದವು. ಹಾಗಿದ್ದರೆ ನಕಲಿ ಅಂತ ಗೊತ್ತಾದದ್ದು ಹೇಗೆ? ಗೊತ್ತಾದ ಮೇಲೆ ಮನೆಯವರು ಏನು ಮಾಡಿದರು? ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಊರು, ಹೆಸರು ಕೊಟ್ಟಿಲ್ಲ. ಗುರುತು ಸಿಗುವಂಥ ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾಣ್ಯಗಳ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ.

ಹಿನ್ನೆಲೆ

ಮನೆಯ ಹಿರಿಯರು 1940ರ ದಶಕದ ಕೊನೆಯಲ್ಲಿ ಮುಂಬೈಯಿಂದ ಹಡಗು ಹತ್ತಿ ದಕ್ಷಿಣ ಅರೇಬಿಯಾದ ಬಂದರು ಏಡನ್ನಿಗೆ ಹೋದವರು. ಅಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. 1960ರ ದಶಕದ ಮೊದಲಲ್ಲಿ ಊರಿಗೆ ವಾಪಸು ಬಂದರು. ಏಡನ್ ನಮ್ಮವರಿಗೆ ಆಗ ತೀರಾ ಪರದೇಶ ಆಗಿರಲಿಲ್ಲ. 1937ರವರೆಗೆ ಅದು ಬ್ರಿಟಿಷ್ ಇಂಡಿಯಾದ್ದೇ ಭಾಗ. 1951ರಲ್ಲಿ ಪೂರ್ವ ಆಫ್ರಿಕಾದ ಶಿಲ್ಲಿಂಗ್ ಬರುವವರೆಗೂ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಜೊತೆಗೆ ಯೆಮನ್, ಇಥಿಯೋಪಿಯಾ ಕಡೆಯ ವ್ಯಾಪಾರಿಗಳು ದೊಡ್ಡ ಬೆಳ್ಳಿ ನಾಣ್ಯ ತರುತ್ತಿದ್ದರು. ಉಳಿತಾಯಕ್ಕೆ ಅಂತ ಚಿನ್ನದ ಪವನು ಕೊಳ್ಳುವ ರೂಢಿಯೂ ಇತ್ತು.

ಹಿರಿಯರು ತೀರಿಕೊಂಡ ಮೇಲೆ ಮೂವರು ಮಕ್ಕಳು ಪಾಲಿಗೆ ಕೂತರು: ದೊಡ್ಡ ಮಗಳು, ನಡುವಿನ ಮಗ, ಕಿರಿಯ ಮಗ. ಜಾಗದ ಲೆಕ್ಕ ಬೇಗ ಮುಗಿಯಿತು. ತಗಾದೆ ಬಂದದ್ದು ಈ ಪೆಟ್ಟಿಗೆಗೆ. ಅದರಲ್ಲಿ ಇದ್ದದ್ದು ಆರು ಚಿನ್ನದ ಪವನು, ಐದು ದೊಡ್ಡ ಬೆಳ್ಳಿ ನಾಣ್ಯ, ‘ಡಾಲರ್’ ಎಂದು ಬರೆದ ಎರಡು ಬೆಳ್ಳಿ ಬಣ್ಣದ ನಾಣ್ಯ, ಒಂದಿಷ್ಟು ಪೂರ್ವ ಆಫ್ರಿಕಾದ ಚಿಲ್ಲರೆ.

ಸಮಸ್ಯೆ

ತಲೆಗೆ ಎರಡು ಪವನು ಎಂದು ಹಂಚಿಬಿಡೋಣ ಅನ್ನುವುದು ದೊಡ್ಡಕ್ಕನ ಮಾತು. ಕಿರಿಯವರು ಒಪ್ಪಲಿಲ್ಲ. ಅವರ ಮಗ ಮೊಬೈಲಿನಲ್ಲಿ ವಿಡಿಯೊ ನೋಡಿದ್ದ. ಒಂದು ಹಳೆ ನಾಣ್ಯಕ್ಕೆ ಕೋಟಿ ಬರುತ್ತದೆ, ಯಾವುದು ಅಂತ ಗೊತ್ತಾಗದೆ ಹಂಚಬಾರದು ಅನ್ನುವುದು ಅವನ ವಾದ. ಬೆಳ್ಳಿ ನಾಣ್ಯಗಳ ಮೇಲೆ 1780 ಎಂಬ ಇಸವಿ ಇತ್ತು. ಹೈದರಾಲಿಯ ಕಾಲದ್ದು ಅಂದ ಮೇಲೆ ಬೆಲೆ ಎಷ್ಟಿರಬೇಡ ಅಂತ ಮನೆಯಲ್ಲಿ ಆಸೆ ಹುಟ್ಟಿತ್ತು.

ನಡುವಿನ ಅಣ್ಣ ಪವನುಗಳನ್ನು ಪರಿಚಯದ ಆಚಾರ್ರಿಗೆ ತೋರಿಸಿದ್ದರು. ಒರೆಗಲ್ಲಿಗೆ ತಿಕ್ಕಿ, ಆಮೇಲೆ ಪೇಟೆಯ ಅಂಗಡಿಯೊಂದರ ಕ್ಯಾರೆಟ್ ಮೀಟರಿನಲ್ಲಿ ಇಟ್ಟು ನೋಡಿ, ಎಲ್ಲವೂ 22 ಕ್ಯಾರೆಟ್ ಎಂದು ಹೇಳಿದ್ದರು. ಅದು ಸುಳ್ಳಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ. ಆದರೆ ಅವರಿಗೆ ಕೇಳಿದ್ದು ಲೋಹದ ಪ್ರಶ್ನೆ. ನಾಣ್ಯ ಯಾರು, ಯಾವಾಗ ಹೊಡೆದದ್ದು ಅನ್ನುವುದು ಬೇರೆಯೇ ಪ್ರಶ್ನೆ. ಮನೆಯವರು ಎರಡನ್ನೂ ಒಂದೇ ಅಂದುಕೊಂಡಿದ್ದರು. ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ.

ನಾಣ್ಯ ನೋಡಿ ಹೇಳಲು ನಾನು ಹೋಗುವಷ್ಟರಲ್ಲಿ ಇನ್ನೊಂದು ಕೆಲಸ ನಡೆದುಹೋಗಿತ್ತು. ಐದು ಬೆಳ್ಳಿ ನಾಣ್ಯಗಳಲ್ಲಿ ಎರಡನ್ನು ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡಿದ್ದರು. ಮೇಲ್ಮೈ ತುಂಬ ಸಣ್ಣ ಗೀರು. ಹಳೆ ಬೆಳ್ಳಿಯ ಮೇಲೆ ತಾನಾಗಿ ಕೂರುವ ಕಪ್ಪುಛಾಯೆ ಹೋಗಿತ್ತು. ಸಂಗ್ರಹಕಾರರು ಆ ಛಾಯೆಗೇ ಬೆಲೆ ಕೊಡುವುದು. ಒಮ್ಮೆ ತೆಗೆದರೆ ಮತ್ತೆ ತರಲಾಗದು. ಹಾಗಾಗಿ ಮೊದಲು ತೆಗೆದುಕೊಂಡ ತೀರ್ಮಾನ: ಇನ್ನು ಯಾವುದನ್ನೂ ತೊಳೆಯುವುದಿಲ್ಲ, ಒರೆಗಲ್ಲಿಗೆ ತಿಕ್ಕುವುದಿಲ್ಲ, ಪವನಿನ ಕೊಂಡಿ ಬಿಡಿಸುವುದಿಲ್ಲ. ಒಂದೊಂದು ನಾಣ್ಯಕ್ಕೂ ಒಂದೊಂದು ಕಾಗದದ ಲಕೋಟೆ, ಅದರ ಮೇಲೆ ಸಂಖ್ಯೆ. ಹಿಡಿಯುವುದಿದ್ದರೆ ಅಂಚನ್ನು ಮಾತ್ರ.

1780 ಎಂದು ಬರೆದ ಬೆಳ್ಳಿ ನಾಣ್ಯಗಳು

ಸುಲಭದ್ದನ್ನು ಮೊದಲು ಮುಗಿಸೋಣ ಎಂದು ಬೆಳ್ಳಿಯಿಂದ ಶುರು ಮಾಡಿದೆವು. ಒಂದು ಬದಿಯಲ್ಲಿ ತಲೆಗೆ ಸೆರಗು ಹೊದ್ದ ತುಂಬು ಮೈಯ ಹೆಂಗಸು. ಇನ್ನೊಂದು ಬದಿಯಲ್ಲಿ ಎರಡು ತಲೆಯ ಹದ್ದು. ಮೈಸೂರಿನ ಗಂಡಭೇರುಂಡ ಅಲ್ಲ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ರಾಜಮನೆತನದ ಲಾಂಛನ. ಇದು ಆ ಮನೆತನದ ರಾಣಿ ಮರಿಯಾ ತೆರೇಸಾಳ ಹೆಸರಿನ ಬೆಳ್ಳಿ ನಾಣ್ಯ, ಮರಿಯಾ ತೆರೇಸಾ ಥೇಲರ್.

ಈ ನಾಣ್ಯದ ಕತೆ ಗೊತ್ತಿಲ್ಲದೆ ಇದನ್ನು ಗುರುತಿಸಲು ಹೋದರೆ ಎರಡು ಕಡೆಯೂ ತಪ್ಪಬಹುದು. ರಾಣಿ ತೀರಿಕೊಂಡದ್ದು 1780ರ ನವೆಂಬರಿನಲ್ಲಿ. ಆದರೆ ಕೆಂಪು ಸಮುದ್ರದ ಸುತ್ತಲಿನ ಜನಕ್ಕೆ ಈ ನಾಣ್ಯದ ಮೇಲೆ ಎಷ್ಟು ನಂಬಿಕೆ ಇತ್ತೆಂದರೆ, ಇಸವಿ ಬದಲಾದರೆ ಅವರು ಮುಟ್ಟುತ್ತಿರಲಿಲ್ಲ. ಅದಕ್ಕೆ ಟಂಕಸಾಲೆಗಳು 1780 ಎಂಬ ಇಸವಿಯನ್ನೇ ಇಟ್ಟುಕೊಂಡು ಹೊಡೆಯುತ್ತಾ ಹೋದವು. ವಿಯೆನ್ನಾ ಮಾತ್ರ ಅಲ್ಲ. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಯುದ್ಧಕ್ಕೆ ಹೊರಟಾಗ ಆಸ್ಟ್ರಿಯಾದಿಂದ ಅಚ್ಚು ಪಡೆದು ರೋಮ್‌ನಲ್ಲಿ ಹೊಡೆಯಿತು. ಬಳಿಕ ಲಂಡನ್, ಪ್ಯಾರಿಸ್, ಬ್ರಸೆಲ್ಸ್ ಟಂಕಸಾಲೆಗಳೂ ಹೊಡೆದವು. 1940–41ರಲ್ಲಿ ನಮ್ಮ ಮುಂಬೈ ಟಂಕಸಾಲೆಯಲ್ಲೂ ಇದು ತಯಾರಾಯಿತು. ಅಂದರೆ ಇಸವಿ 1780 ಆದರೂ ನಾಣ್ಯ ಹುಟ್ಟಿದ್ದು 1940ರಲ್ಲಿ ಇರಬಹುದು. ಹಾಗಂತ ಅದು ನಕಲಿ ಅಲ್ಲ. ಸರ್ಕಾರದ ಟಂಕಸಾಲೆಯೇ ಹೊಡೆದ ಮರುಮುದ್ರಣ.

ಹಾಗಾದರೆ ನಕಲಿ ಥೇಲರ್ ಇರುವುದೇ ಇಲ್ಲವೇ? ಇದೆ. ಅದಕ್ಕೆ ನೋಡಬೇಕಾದ್ದು ಅಂಚು. ಸರಿಯಾದ ಥೇಲರಿನ ಅಂಚಿನ ಸುತ್ತ ‘ಯುಸ್ಟಿಟಿಯಾ ಎಟ್ ಕ್ಲೆಮೆಂಟಿಯಾ’ ಎಂಬ ಲ್ಯಾಟಿನ್ ಬರಹ ಉಬ್ಬಕ್ಷರದಲ್ಲಿ ಇರುತ್ತದೆ. ರಾಣಿಯ ಎದೆಯ ಕೆಳಗೆ ‘ಎಸ್.ಎಫ್.’ ಎಂಬ ಎರಡು ಅಕ್ಷರ. ಹದ್ದಿನ ಬದಿಯಲ್ಲಿ ಇಸವಿಯ ಪಕ್ಕ ಅಡ್ಡಗೀಟಿನ ಎಕ್ಸ್ ಗುರುತು. ಭುಜದ ಬ್ರೂಚ್‌ನ ಸುತ್ತ ಒಂಬತ್ತು ಮುತ್ತು. ತೂಕ 28.07 ಗ್ರಾಂ ಹತ್ತಿರ, ಬೆಳ್ಳಿಯ ಪಾಲು ಸಾವಿರಕ್ಕೆ 833.

ಐದರಲ್ಲಿ ನಾಲ್ಕಕ್ಕೆ ಇವೆಲ್ಲ ಇತ್ತು. ಐದನೆಯದರ ಅಂಚು ಬೋಳು. ಅಲ್ಲಲ್ಲಿ ಅರದಿಂದ ಉಜ್ಜಿದ ಗುರುತು. ತೂಕ 24.9 ಗ್ರಾಂ. ಮುಖದ ಮೇಲೆ ಸೂಜಿಮೊನೆಯಷ್ಟು ಗುಳಿಗಳು. ಲೋಹ ಕಾಯಿಸಿ ಎರಕ ಹೊಯ್ಯುವಾಗ ಗಾಳಿಗುಳ್ಳೆ ಸಿಕ್ಕಿ ಆಗುವ ಗುರುತದು. ಅಚ್ಚಿನ ಒತ್ತಡದಲ್ಲಿ ಹೊಡೆದ ನಾಣ್ಯದಲ್ಲಿ ಅಂಥ ಗುಳಿ ಬರುವುದಿಲ್ಲ. ಅರೇಬಿಯಾ ಕಡೆ ಥೇಲರನ್ನು ಆಭರಣಕ್ಕೂ ಬಳಸುತ್ತಿದ್ದರು. ಇದನ್ನು ಮೋಸಕ್ಕೆ ಮಾಡಿದ್ದೋ, ಹಾರದ ಪದಕಕ್ಕೆ ಮಾಡಿದ್ದೋ, ನಾಣ್ಯ ಅಂತ ಮಾತ್ರ ಹೇಳುವ ಹಾಗಿಲ್ಲ.

ಹೈದರಾಲಿ ಕಾಲದ ಆಸೆ ಇಲ್ಲಿಗೆ ಕರಗಿತು. ಮನೆಯವರಿಗೆ ಬೇಸರ ಆಯಿತು. ನನಗಂತೂ ಮುಂಬೈಯಲ್ಲಿ ಹುಟ್ಟಿ ಏಡನ್ನಿಗೆ ಹೋಗಿ ಕರಾವಳಿಗೆ ವಾಪಸು ಬಂದಿರಬಹುದಾದ ನಾಣ್ಯ ಸುಮ್ಮನೆ ಬೆಳ್ಳಿ ಚೂರಾಗಿ ಕಾಣಲಿಲ್ಲ. ಹದ್ದಿನ ಬಾಲದ ಗರಿಗಳ ಜೋಡಣೆ, ಬ್ರೂಚ್‌ನ ಆಕಾರ ಇಂಥ ಸಣ್ಣ ವ್ಯತ್ಯಾಸಗಳಿಂದ ಯಾವ ಟಂಕಸಾಲೆಯದು ಎಂದು ವಿಂಗಡಿಸುತ್ತಾರೆ. ಆ ಕೆಲಸವನ್ನು ಪಾಲು ಮುಗಿದ ಮೇಲೆ ಮಾಡೋಣ ಎಂದು ಬದಿಗಿಟ್ಟೆವು.

ನೀರಿನ ಲೋಟದ ಪರೀಕ್ಷೆ

ಎರಡು ಡಾಲರ್‌ಗಳಲ್ಲಿ ಒಂದು ಬ್ರಿಟಿಷ್ ವ್ಯಾಪಾರಿ ಡಾಲರ್, 1911ರದ್ದು. ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಹೆಣ್ಣು), ಹಿಂದೆ ಹಡಗು. ಇನ್ನೊಂದು ಬದಿಯಲ್ಲಿ ಚೀನೀ ಮತ್ತು ಮಲಯ ಲಿಪಿ. 1895ರಿಂದ 1935ರವರೆಗೆ ಪೂರ್ವದೇಶಗಳ ವ್ಯಾಪಾರಕ್ಕೆಂದು ಹೊಡೆದದ್ದು, ಹೆಚ್ಚಿನ ಪಾಲು ನಮ್ಮ ಮುಂಬೈಯಲ್ಲೇ. ತ್ರಿಶೂಲದ ನಡುವಿನ ಮೊನೆಯಲ್ಲಿ ಚಿಕ್ಕದಾಗಿ ‘ಬಿ’ ಇದ್ದರೆ ಮುಂಬೈ. ಬರಿಗಣ್ಣಿಗೆ ಕಾಣುವುದು ಕಷ್ಟ, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಬೇಕು. ಮನೆಯ ಅಜ್ಜಿಯ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದರಂತೆ, ಸಿಂಗಾಪುರದಿಂದ ತಂದದ್ದಿರಬಹುದು.

ಇನ್ನೊಂದು ಅಮೆರಿಕದ ವ್ಯಾಪಾರಿ ಡಾಲರ್. ಇಸವಿ 1872 ಎಂದಿತ್ತು. ಇದಕ್ಕೆ ತಕ್ಕಡಿಯೂ ಬೇಕಾಗಿರಲಿಲ್ಲ. ಅಮೆರಿಕ ಈ ನಾಣ್ಯ ಶುರು ಮಾಡಿದ್ದೇ 1873ರಲ್ಲಿ. ಆದರೂ ಮನೆಯವರಿಗೆ ಕಣ್ಣಾರೆ ತೋರಿಸಬೇಕಲ್ಲ, ಅದಕ್ಕೆ ನೀರಿನ ಪರೀಕ್ಷೆ ಮಾಡಿದೆವು.

ಅದು ಯಾರ ಮನೆಯಲ್ಲೂ ಮಾಡಬಹುದಾದ ಪರೀಕ್ಷೆ. ನೂರನೇ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಮೊದಲು ನಾಣ್ಯವನ್ನು ಹಾಗೇ ತೂಗಬೇಕು. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಬೇಕು. ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಬ್ರಿಟಿಷ್ ಡಾಲರ್ 26.9 ಗ್ರಾಂ ತೂಗಿತು, ಸಾಂದ್ರತೆ 10.3. ಸಾವಿರಕ್ಕೆ 900 ಪಾಲು ಬೆಳ್ಳಿ ಇದ್ದರೆ ಅಷ್ಟೇ ಬರಬೇಕು. ಅಮೆರಿಕದ್ದು ಇರಬೇಕಾದ್ದು 27.2 ಗ್ರಾಂ, ಇದ್ದದ್ದು 22.8. ಸಾಂದ್ರತೆ 8.6. ಬೆಳ್ಳಿ ಅಲ್ಲವೇ ಅಲ್ಲ, ಹಿತ್ತಾಳೆಯಂಥ ಲೋಹಕ್ಕೆ ಬೆಳ್ಳಿಬಣ್ಣ. ಬೋಳು ಅಂಚಿನ ಥೇಲರ್ 8.8 ತೋರಿಸಿತು. ಉಳಿದ ನಾಲ್ಕು ಥೇಲರ್‌ಗಳು 10.2ರ ಆಸುಪಾಸು, ಅವುಗಳ ಲೋಹಕ್ಕೆ ಸರಿಹೊಂದುವ ಲೆಕ್ಕ. ಆಯಸ್ಕಾಂತಕ್ಕೆ ಇವುಗಳಲ್ಲಿ ಒಂದೂ ಅಂಟಲಿಲ್ಲ. ಅಂಟಿದರೆ ಬೆಳ್ಳಿ ಅಲ್ಲ ಅನ್ನುವುದು ಖಚಿತ. ಅಂಟದಿದ್ದರೆ ಏನೂ ಹೇಳಿದಂತಾಗಲಿಲ್ಲ. ಹಿತ್ತಾಳೆ, ತಾಮ್ರ, ಸೀಸ ಯಾವುದಕ್ಕೂ ಆಯಸ್ಕಾಂತ ಅಂಟುವುದಿಲ್ಲ ಅಲ್ವಾ?

ಡಾಲರಿನ ಸಂಖ್ಯೆ ನೋಡಿ ಕಿರಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. “ಇದು ಅಪ್ಪಂದಲ್ಲ ಅಕ್ಕ. ನಾನು ಬ್ಯಾಂಕಾಕಿಗೆ ಹೋದಾಗ ರಸ್ತೆ ಬದಿಯಲ್ಲಿ ತಗೊಂಡದ್ದು. ಚೆನ್ನಾಗಿದೆ ಅಂತ ಅಪ್ಪನ ಪೆಟ್ಟಿಗೆಗೆ ಹಾಕಿದ್ದೆ.”

ಈ ಮಾತು ಇಡೀ ಕೆಲಸದ ದಿಕ್ಕು ಬದಲಿಸಿತು. ಅಲ್ಲಿಯವರೆಗೆ ಮನೆಯವರ ಗಟ್ಟಿ ನಂಬಿಕೆ ಒಂದೇ: ಇದು ಅಪ್ಪನ ಪೆಟ್ಟಿಗೆ, ಅರವತ್ತು ವರ್ಷದಿಂದ ಮನೆಯಲ್ಲಿದೆ, ಹಾಗಾಗಿ ಒಳಗಿರುವುದೆಲ್ಲ ಸಾಚಾ. ಪೆಟ್ಟಿಗೆ ಒಂದೇ ಆದರೂ ನಾಣ್ಯಗಳು ಬಂದ ದಾರಿ ಬೇರೆ ಬೇರೆ ಅಂತ ಈಗ ಅವರಿಗೇ ಗೊತ್ತಾಯಿತು. ಅಲ್ಲಿಂದ ಮುಂದೆ ಪವನುಗಳನ್ನು ಒಂದೊಂದಾಗಿ ಸಂಶಯದಿಂದ ನೋಡಲು ಯಾರೂ ಅಡ್ಡಿ ಹೇಳಲಿಲ್ಲ.

ಆರು ಪವನುಗಳು

ನಮ್ಮ ಕಡೆ ಇವತ್ತಿಗೂ ಚಿನ್ನವನ್ನು ಎಂಟು ಗ್ರಾಂನ ಪವನಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. ಆ ಲೆಕ್ಕದ ಮೂಲ ಈ ಬ್ರಿಟಿಷ್ ನಾಣ್ಯವೇ. ಸರಿಯಾಗಿ ಹೇಳಬೇಕಾದರೆ 7.988 ಗ್ರಾಂ ತೂಕ, 22 ಕ್ಯಾರೆಟ್, 22.05 ಮಿಲಿಮೀಟರ್ ಅಗಲ. ಒಳಗಿನ ಶುದ್ಧ ಚಿನ್ನ 7.32 ಗ್ರಾಂ. ಚಲಾವಣೆಯಲ್ಲಿ ಸವೆದು 7.938 ಗ್ರಾಂಗಿಂತ ಕೆಳಗಿಳಿದರೆ ಕಾನೂನಿನ ಪ್ರಕಾರ ಅದು ನಡೆಯುತ್ತಿರಲಿಲ್ಲ. ಹಾಗಾಗಿ ತೂಕದ ಗೆರೆ ಬಹಳ ಬಿಗಿ.

ಆರರ ಇಸವಿಗಳು ಹೀಗಿದ್ದವು. ರಾಣಿ ವಿಕ್ಟೋರಿಯಾ ಇರುವ 1898. ಏಳನೇ ಎಡ್ವರ್ಡ್ ಇರುವ 1907. ಐದನೇ ಜಾರ್ಜ್ ಇರುವ 1911, 1913, ಮತ್ತು 1918ರ ಎರಡು. 1911ರದ್ದಕ್ಕೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರು. ಅದರ ತೂಕ 8.4 ಗ್ರಾಂ, ಆದ್ದರಿಂದ ಅದರಲ್ಲಿ ತೂಕದ ಪರೀಕ್ಷೆ ಉಪಯೋಗವಿಲ್ಲ. ಉಳಿದ ಐದೂ 7.95ರಿಂದ 7.98ರ ಒಳಗೆ. ಅಗಲ ಸರಿ. ನೀರಿನ ಪರೀಕ್ಷೆಯಲ್ಲಿ ಐದೂ 17.3 ಮತ್ತು 17.7ರ ನಡುವೆ. 22 ಕ್ಯಾರೆಟ್ ಚಿನ್ನಕ್ಕೆ 17.6ರ ಸುತ್ತಮುತ್ತ ಬರಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಪವನು ಸರಿಸುವ ನೀರು ಬರೀ 0.45 ಗ್ರಾಂ. ತಕ್ಕಡಿ ನೂರನೇ ಒಂದು ಗ್ರಾಂ ಆಚೀಚೆ ಆದರೂ ಉತ್ತರ 17.3ಕ್ಕೆ ಇಳಿಯುತ್ತದೆ ಇಲ್ಲವೇ 18ರ ಮೇಲೆ ಹೋಗುತ್ತದೆ. ಹಿತ್ತಾಳೆ ಹಿಡಿಯಲು ಈ ಪರೀಕ್ಷೆ ಸಾಕು, ಸೂಕ್ಷ್ಮ ತೀರ್ಪಿಗೆ ಸಾಲದು. ಕ್ಯಾರೆಟ್ ಮೀಟರಿಗೂ ಮಿತಿ ಇದೆ. ಅದು ಎಕ್ಸ್‌ರೇ ಬಿಟ್ಟು ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ದಪ್ಪ ಲೇಪ ಇದ್ದರೆ ಒಳಗಿನದ್ದು ಕಾಣುವುದಿಲ್ಲ. ಎರಡನ್ನೂ ಸೇರಿಸಿ ನೋಡಿದರೆ ಆರೂ ಚಿನ್ನವೇ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಲೋಹದ ಪ್ರಶ್ನೆ ಮುಗಿಯಿತು. ನಾಣ್ಯದ ಪ್ರಶ್ನೆ ಶುರುವಾಯಿತು.

ಪವನಿನ ಹಿಂಬದಿಯಲ್ಲಿ ಕುದುರೆ ಏರಿದ ಸೇಂಟ್ ಜಾರ್ಜ್ ಡ್ರ್ಯಾಗನ್ ಕೊಲ್ಲುವ ಚಿತ್ರ ಇದೆ. 1817ರಲ್ಲಿ ಬೆನೆಡೆಟ್ಟೊ ಪಿಸ್ಟ್ರುಚಿ ರೂಪಿಸಿದ್ದು. ಕೆಳಗೆ ನೆಲದ ಪಟ್ಟಿ, ಅದರ ಕೆಳಗೆ ಇಸವಿ, ಬಲಕ್ಕೆ ಕಲಾವಿದನ ಹೆಸರಿನ ‘ಬಿ.ಪಿ.’ ಅಕ್ಷರ. ನೆಲದ ಪಟ್ಟಿಯ ನಡುವೆ, ಇಸವಿಯ ಸರಿ ಮೇಲೆ ಒಂದು ಪುಟ್ಟ ಅಕ್ಷರ ಇದ್ದರೆ ಅದು ಟಂಕಸಾಲೆಯ ಗುರುತು. ‘ಎಂ’ ಮೆಲ್ಬರ್ನ್, ‘ಎಸ್’ ಸಿಡ್ನಿ, ‘ಪಿ’ ಪರ್ತ್, ‘ಸಿ’ ಒಟ್ಟಾವಾ, ‘ಎಸ್‌ಎ’ ಪ್ರಿಟೋರಿಯಾ, ‘ಐ’ ಮುಂಬೈ. ಅಕ್ಷರ ಇಲ್ಲದಿದ್ದರೆ ಲಂಡನ್.

1898ರಲ್ಲಿ ‘ಎಂ’ ಇತ್ತು. 1918ರ ಒಂದರಲ್ಲಿ ‘ಐ’ ಇತ್ತು. ಮುಂಬೈಯಲ್ಲಿ ಪವನು ಹೊಡೆದದ್ದು ಆ ಒಂದೇ ಇಸವಿಯಲ್ಲಿ, ಸುಮಾರು 13 ಲಕ್ಷ. ಯುದ್ಧಕಾಲದ ಅವಸರಕ್ಕೆ ಮಾಡಿದ ವ್ಯವಸ್ಥೆ ಅದು. ಅದೇ 1918ರಲ್ಲಿ ಅದೇ ತೂಕದ ಹದಿನೈದು ರೂಪಾಯಿಯ ಚಿನ್ನದ ನಾಣ್ಯವೂ ಅಲ್ಲಿ ತಯಾರಾಗಿತ್ತು. ನಮ್ಮ ನೆಲದಲ್ಲಿ ಹುಟ್ಟಿದ ಪವನು ಕೈಯಲ್ಲಿ ಹಿಡಿದಾಗ ಖುಷಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

1918ರ ಇನ್ನೊಂದರಲ್ಲಿ ಅಕ್ಷರವೇ ಇಲ್ಲ. ಇಲ್ಲೇ ಪ್ರಕರಣ ತಿರುಗಿದ್ದು. ಅಕ್ಷರ ಇಲ್ಲ ಎಂದರೆ ಲಂಡನ್. ಆದರೆ ಲಂಡನ್ ಟಂಕಸಾಲೆ 1917ರ ನಂತರ ಪವನು ನಿಲ್ಲಿಸಿತು, ಮತ್ತೆ ಹೊಡೆದದ್ದು 1925ರ ಇಸವಿಯಲ್ಲಿ. 1918ರ ಸರಿಯಾದ ಪವನು ಯಾವುದಾದರೂ ಅದರಲ್ಲಿ ಎಂ, ಎಸ್, ಪಿ, ಸಿ, ಐ ಇವುಗಳಲ್ಲಿ ಒಂದು ಇರಲೇಬೇಕು.

ನಡುವಿನ ಅಣ್ಣ ಒಪ್ಪಲಿಲ್ಲ. “ಅಕ್ಷರ ಸವೆದು ಹೋಗಿರಬಹುದಲ್ಲ ಸರ್? ನೂರು ವರ್ಷದ ನಾಣ್ಯ.” ಒಳ್ಳೆಯ ಪ್ರಶ್ನೆ. ಸವೆತ ಒಂದೇ ಕಡೆ ಆಗುವುದಿಲ್ಲ. ಮೊದಲು ಸವೆಯುವುದು ಉಬ್ಬಿದ ಜಾಗ, ಅಂದರೆ ಕುದುರೆಯ ಪಕ್ಕೆ, ರಾಜನ ಮೀಸೆ. ಈ ನಾಣ್ಯದಲ್ಲಿ ಅಕ್ಷರದ ಸರಿ ಕೆಳಗಿನ ಇಸವಿ ಚೂಪಾಗಿತ್ತು. ಪಟ್ಟಿ ಮಾತ್ರ ನುಣುಪು. ಅಲ್ಲಿ ಅಕ್ಷರ ಇದ್ದ ಸುಳಿವೇ ಇರಲಿಲ್ಲ. ‘ಐ’ ಇದ್ದ ನಾಣ್ಯವನ್ನು ಪಕ್ಕದಲ್ಲಿಟ್ಟು ಲೂಪ್ ಕೊಟ್ಟೆ. ಅವರೇ ಬಹಳ ಹೊತ್ತು ನೋಡಿದರು. ‘ಬಿ.ಪಿ.’ ಒಂದರಲ್ಲಿ ಸ್ಪಷ್ಟ ಅಕ್ಷರ, ಇನ್ನೊಂದರಲ್ಲಿ ಎರಡು ಮುದ್ದೆ. ಒಂದರಲ್ಲಿ ಅಕ್ಷರಗಳ ಬದಿ ನೇರ ಕಡಿದ ಹಾಗೆ, ಇನ್ನೊಂದರಲ್ಲಿ ದುಂಡಗೆ ಕರಗಿದ ಹಾಗೆ. ಅಂಚಿನ ಗೀಟುಗಳೂ ಒಂದೇ ಸಮ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಸತ್ಯ ಮಾತ್ರ ಸಿಗುತ್ತಿತ್ತು. ಒಂದು ನಕಲಿ ಖಚಿತವಾದ ಮೇಲೆ ಅದನ್ನೇ ಅಳತೆಗೋಲಾಗಿ ಬಳಸಬಹುದು. ಅದರ ರಾಜನ ಬದಿಯನ್ನು ಇಂಚಿಂಚೂ ನೋಡಿದೆವು. ಕತ್ತಿನ ಹತ್ತಿರ ಒಂದು ಉಬ್ಬಿದ ಚುಕ್ಕಿ, ಬರಹದ ಪಕ್ಕ ಕೂದಲೆಳೆಯಂಥ ಉಬ್ಬು ಗೆರೆ. ಆಮೇಲೆ ಐದನೇ ಜಾರ್ಜ್ ಇರುವ ಉಳಿದ ಮೂರನ್ನು ಅದೇ ಕ್ರಮದಲ್ಲಿ ನೋಡಿದೆವು. 1911ರಲ್ಲಿ ಇಲ್ಲ. 1918ರ ಮುಂಬೈಯದರಲ್ಲಿ ಇಲ್ಲ. 1913ರಲ್ಲಿ ಇತ್ತು. ಅದೇ ಚುಕ್ಕಿ, ಅದೇ ಗೆರೆ, ಅದೇ ಜಾಗ.

ಉಬ್ಬಿದ ಗುರುತಿಗೂ ತಗ್ಗಿದ ಗುರುತಿಗೂ ಬಹಳ ವ್ಯತ್ಯಾಸ ಇದೆ. ನಾಣ್ಯ ಬಿದ್ದೋ ಗೀಚಿಯೋ ಆಗುವ ಗಾಯ ತಗ್ಗಾಗಿರುತ್ತದೆ, ಮತ್ತು ಆ ಒಂದೇ ನಾಣ್ಯದ್ದು. ಉಬ್ಬಿದ ಚುಕ್ಕಿ ಬರುವುದು ಅಚ್ಚಿನಲ್ಲಿ ಗುಳಿ ಇದ್ದರೆ. ಎರಡು ನಾಣ್ಯದಲ್ಲಿ ಒಂದೇ ಉಬ್ಬು ಗುರುತು ಕಂಡರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಒಂದು ನಕಲಿ ಅಂತ ಸಾಬೀತಾಗಿದ್ದರೆ ಇನ್ನೊಂದೂ ನಕಲಿಯೇ. ತಗ್ಗಿದ ಒಂದೇ ಗೀರು ಎರಡು ನಾಣ್ಯದಲ್ಲಿ ಕಂಡರೂ ಅನುಮಾನ ಪಡಲೇಬೇಕು. ಗೀರು ಬಿದ್ದ ಯಾವುದೋ ಒಂದು ಮೂಲ ನಾಣ್ಯದಿಂದ ಎರಡೂ ಪ್ರತಿ ತೆಗೆದಿರುತ್ತಾರೆ.

1913 ಲಂಡನ್ನಿನಲ್ಲಿ ಧಾರಾಳ ಪವನು ಹೊಡೆದ ವರ್ಷ. ಇಸವಿ ಸರಿ, ಅಕ್ಷರ ಇಲ್ಲದಿರುವುದೂ ಸರಿ, ತೂಕ ಸರಿ, ಚಿನ್ನ ಸರಿ. ಒಂಟಿಯಾಗಿ ಬಂದಿದ್ದರೆ ಅದನ್ನು ಯಾರೂ ಹಿಡಿಯುತ್ತಿರಲಿಲ್ಲ. ಅದನ್ನು ಹಿಡಿದುಕೊಟ್ಟದ್ದು ಪಕ್ಕದಲ್ಲಿದ್ದ ನಕಲಿ.

ಚಿನ್ನದಲ್ಲೇ ನಕಲಿ ಏಕೆ ಮಾಡಿದರು?

ದೊಡ್ಡಕ್ಕನ ಪ್ರಶ್ನೆ ಇದು. “ಅಷ್ಟೇ ಚಿನ್ನ ಹಾಕಿ ಮೋಸ ಮಾಡಿದರೆ ಅವರಿಗೆ ಸಿಕ್ಕಿದ್ದೇನು?” ಸಿಕ್ಕಿದ್ದು ನಂಬಿಕೆಯ ಬೆಲೆ. ಎರಡನೇ ಮಹಾಯುದ್ಧದ ನಂತರ ಮಧ್ಯಪ್ರಾಚ್ಯದಲ್ಲಿ ಜನ ಉಳಿತಾಯಕ್ಕೆ ಪವನನ್ನೇ ಕೇಳುತ್ತಿದ್ದರು. ಬ್ರಿಟನ್ ಆಗ ಹೊಸ ಇಸವಿಯ ಪವನು ಹೊಡೆಯುತ್ತಿರಲಿಲ್ಲ. ಹಾಗಾಗಿ ಒಳಗಿನ ಚಿನ್ನಕ್ಕಿಂತ ನಾಣ್ಯದ ಬೆಲೆ ಎಷ್ಟೋ ಜಾಸ್ತಿ ಇತ್ತು. ಚಿನ್ನದ ಗಟ್ಟಿ ಕೊಂಡು ನಾಣ್ಯ ಮಾಡಿ ಮಾರಿದರೆ ಆ ವ್ಯತ್ಯಾಸವೇ ಲಾಭ. ಇಟಲಿಯಲ್ಲಿ, ಲೆಬನಾನಿನ ಬೈರೂತ್‌ನಲ್ಲಿ ಇಂಥ ಪವನುಗಳು ತಯಾರಾದವು. 1957ರಲ್ಲಿ ಬ್ರಿಟನ್ ಮತ್ತೆ ಪವನು ಹೊಡೆಯಲು ಶುರು ಮಾಡಿದ್ದಕ್ಕೆ ಈ ನಕಲಿಗಳ ಹಾವಳಿಯೂ ಒಂದು ಕಾರಣ.

ಈ ಹಿನ್ನೆಲೆ ಹೇಳಿದಾಗ ಅಕ್ಕನಿಗೆ ಒಂದು ಸಮಾಧಾನ ಆಯಿತು. ಅಪ್ಪ ಏಡನ್ನಿನಲ್ಲಿದ್ದದ್ದು ಸರಿಯಾಗಿ ಅದೇ ವರ್ಷಗಳಲ್ಲಿ. ಸಂಬಳದಲ್ಲಿ ಉಳಿಸಿ, ಸಾಲದೆ ಹೊಟ್ಟೆ ಕಟ್ಟಿ, ಪೇಟೆಯಲ್ಲಿ ಕೊಂಡದ್ದು. ಆ ಕಾಲದಲ್ಲಿ ಅಲ್ಲಿನ ಅನುಭವಿ ವ್ಯಾಪಾರಿಗಳೇ ಏಮಾರಿದ್ದರು. ಅಪ್ಪ ದಡ್ಡರಾಗಿರಲಿಲ್ಲ ಅನ್ನುವುದು ಅವರಿಗೆ ಬೆಲೆಗಿಂತ ಮುಖ್ಯವಾಗಿತ್ತು.

ನಡುವೆ ಬಂದ ಎರಡು ಆಮಿಷ

ನಾವು ಪರಿಶೀಲನೆ ಮುಗಿಸುವ ಮೊದಲೇ ಕಿರಿಯವರ ಮಗ ಮುಂಬೈ ಪವನಿನ ಫೋಟೊವನ್ನು ಅಂತರ್ಜಾಲದಲ್ಲಿ ಹಾಕಿದ್ದ. ಫೋನ್ ಬಂತು. ದೊಡ್ಡ ಮೊತ್ತ ಹೇಳಿದರು, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರು. ರಿಸರ್ವ್ ಬ್ಯಾಂಕಿನ ಲಾಂಛನ ಇರುವ ಪತ್ರವನ್ನೂ ಕಳಿಸಿದರು. ಅಲ್ಲಿ ನಿಲ್ಲಿಸಿದೆವು. ಹಳೆ ನಾಣ್ಯ, ನೋಟಿನ ವ್ಯವಹಾರದಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿ, ತಾನು ಅಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಕೊಳ್ಳುವವರು ದುಡ್ಡು ಕೊಡಬೇಕೇ ಹೊರತು ಕೇಳುವುದಿಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇಲ್ಲಿ ಹೋಗುವ ಮೊದಲೇ ತಡೆದೆವು.

ಇನ್ನೊಂದು ಮಾತು ಒಳ್ಳೆಯ ಮನಸ್ಸಿನಿಂದಲೇ ಬಂತು. ಅಮೆರಿಕದಲ್ಲಿರುವ ಅಕ್ಕನ ಅಳಿಯ ರಜೆಗೆ ಬಂದಿದ್ದರು. ಅಲ್ಲಿ ನಾಣ್ಯ ಪರೀಕ್ಷಿಸಿ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುವ ಕಂಪನಿಗಳಿವೆ, ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದರು. ಬೇಡ ಎಂದೆವು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ನಾಣ್ಯ ವಿದೇಶದ್ದೇ ಆದರೂ ಅಷ್ಟೇ. ಥೇಲರ್‌ಗಳು ನೂರು ವರ್ಷ ತುಂಬದವು ಇರಬಹುದು. ಆದರೆ ಮೇಲೆ 1780 ಎಂದು ಬರೆದ ನಾಣ್ಯ ಹಿಡಿದು ವಿಮಾನ ನಿಲ್ದಾಣದಲ್ಲಿ ಯಾರಿಗೆ ವಿವರಿಸುವುದು? ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಬೇಕಾಗುತ್ತದೆ.

ಪಾಲು ಹೇಗಾಯಿತು

ಪರಿಶೀಲನೆಯ ಮೊದಲು ಆರು ಪವನು ಅಂದರೆ ಆರು ಸಮಾನ ವಸ್ತು. ಈಗ ಹಾಗಲ್ಲ. ನಕಲಿ ಎರಡು, ಕೊಂಡಿ ಬೆಸೆದ 1911ರದ್ದು ಒಂದು, ಈ ಮೂರಕ್ಕೆ ಚಿನ್ನದ ತೂಕದ ಬೆಲೆ ಮಾತ್ರ ಹಿಡಿದರು. ಕೊಂಡಿ ಬಿಡಿಸಿದರೂ ಬೆಸುಗೆಯ ಗಾಯ ಉಳಿಯುತ್ತದೆ, ಹಾಗಾಗಿ ಅದನ್ನು ಹಾಗೇ ಬಿಟ್ಟರು. 1898, 1907ರವಕ್ಕೆ ಚಿನ್ನದ ಬೆಲೆಗಿಂತ ತುಸು ಮೇಲೆ. ಮುಂಬೈಯದಕ್ಕೆ ಅದಕ್ಕಿಂತ ಜಾಸ್ತಿ, ಆದರೆ ವಿಡಿಯೊದಲ್ಲಿ ಹೇಳುವ ಕೋಟಿಯ ಹತ್ತಿರಕ್ಕೂ ಇಲ್ಲ. 13 ಲಕ್ಷ ಹೊಡೆದ ನಾಣ್ಯ ಸಿಗದ ವಸ್ತು ಆಗುವುದಿಲ್ಲ. ಬೆಲೆಗೆ ನನ್ನ ಮಾತೊಂದನ್ನೇ ನಂಬದೆ, ಬೇರೆ ಬೇರೆ ಊರಿನ ಇಬ್ಬರು ನಾಣ್ಯ ವ್ಯಾಪಾರಿಗಳನ್ನು ಪ್ರತ್ಯೇಕವಾಗಿ ಕೇಳಿಸಿದೆ. ಚುಕ್ಕಿಯ ವಿಷಯ ಅವರಿಗೆ ಮೊದಲೇ ಹೇಳಬೇಡಿ ಎಂದಿದ್ದೆ. ಇಬ್ಬರೂ ಇಸವಿ ನೋಡಿ ಅಕ್ಷರ ಇಲ್ಲದ 1918ರದ್ದನ್ನು ತಳ್ಳಿದರು. 1913ರದ್ದನ್ನು ಒಬ್ಬರು ಒಪ್ಪಿದರು. ಇನ್ನೊಬ್ಬರು ಅಕ್ಷರಗಳು ಸರಿ ಕಾಣುವುದಿಲ್ಲ ಎಂದರು. ಎರಡನ್ನೂ ಜೊತೆಗಿಟ್ಟು ಚುಕ್ಕಿ ತೋರಿಸಿದ ಮೇಲೆ ಮೊದಲಿನವರೂ ಒಪ್ಪಿಗೆ ವಾಪಸು ಪಡೆದರು.

ಬೆಲೆಯ ಪಟ್ಟಿ ಕೈಗೆ ಬಂದ ಮೇಲೆ ಹಂಚಿಕೆಗೆ ಒಂದು ಮಧ್ಯಾಹ್ನ ಸಾಕಾಯಿತು. ಮುಂಬೈ ಪವನು ನಡುವಿನ ಅಣ್ಣನಿಗೆ, ಹೆಚ್ಚಾದ ಮೊತ್ತವನ್ನು ಅವರು ಉಳಿದಿಬ್ಬರಿಗೆ ಕೊಟ್ಟರು. ಥೇಲರ್‌ಗಳನ್ನು ಬಿಡಿಸದೆ ಒಟ್ಟಿಗೆ ಅಕ್ಕ ಇಟ್ಟುಕೊಂಡರು, ಬೋಳು ಅಂಚಿನದ್ದೂ ಸೇರಿ.

ಉಳಿದದ್ದು ನಕಲಿ ಪವನುಗಳ ವಿಚಾರ. ಅವನ್ನು ಪವನು ಎಂದು ಹೇಳಿ ಮಾರಿದರೆ ಅಪ್ಪನಿಗೆ ಆದ ಮೋಸವನ್ನೇ ನಾವು ಇನ್ನೊಬ್ಬರಿಗೆ ಮಾಡಿದಂತೆ ಎಂದು ಅಕ್ಕನೇ ಮೊದಲು ಹೇಳಿದರು. 1913ರದ್ದು ಅವರ ಪಾಲಿಗೆ ಬಂದಿತ್ತು. ಎರಡೂ ಬದಿಯ, ಅಂಚಿನ ಫೋಟೊ ತೆಗೆದಿಟ್ಟು, ಆಚಾರ್ರ ಮುಂದೆ ಕೂತು ಕರಗಿಸಿ ಮೊಮ್ಮಗಳಿಗೆ ಓಲೆ ಮಾಡಿಸಿದರು. 1918ರದ್ದನ್ನು ಕಿರಿಯವರು ಇಟ್ಟುಕೊಂಡಿದ್ದಾರೆ. ಅದರ ಲಕೋಟೆಯ ಮೇಲೆ ಅವರ ಮಗನ ಕೈಬರಹದಲ್ಲಿ ಹೀಗಿದೆ: ‘ಇಸವಿ 1918. ಟಂಕಸಾಲೆ ಅಕ್ಷರ ಇಲ್ಲ. 7.95 ಗ್ರಾಂ. 22 ಕ್ಯಾರೆಟ್. ನಕಲಿ. ಮಾರುವುದಿದ್ದರೆ ಚಿನ್ನದ ಲೆಕ್ಕದಲ್ಲಿ ಮಾತ್ರ.’ ಅವನು ಈಗ ಸ್ವಂತ ಲೂಪ್ ಕೊಂಡಿದ್ದಾನೆ. ಥೇಲರ್‌ಗಳ ಹದ್ದಿನ ಗರಿ ಎಣಿಸುವ ಕೆಲಸ ಅವನದ್ದೇ, ಇನ್ನೂ ನಡೆಯುತ್ತಿದೆ.